ಬ್ಯಾಕಪ್‌ನಲ್ಲಿಟ್ಟ ಫೈಲುಗಳು ಸರಿಯಾಗಿವೆಯೇ? ಚೆಕ್‌ಸಮ್ ಹೇಳುವುದೆಷ್ಟು, ಹೇಳದಿರುವುದೆಷ್ಟು

ಶಿವಮೊಗ್ಗ ಜಿಲ್ಲೆಯ ನಿವೃತ್ತ ಶಿಕ್ಷಕಿಯೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಅದರ ಸಾರ ಹೀಗಿದೆ: “2009ರಿಂದ ಈಚಿನ ಮನೆಯ ಫೋಟೋ, ವಿಡಿಯೋಗಳು ಮತ್ತು ನಮ್ಮ ತಂದೆಯವರು ಕ್ಯಾಸೆಟ್‌ಗಳಲ್ಲಿ ಧ್ವನಿಮುದ್ರಿಸಿಟ್ಟಿದ್ದ ತಾಳಮದ್ದಳೆಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡ ವೇವ್ ಫೈಲುಗಳು, ಎಲ್ಲ ಸೇರಿ ಸುಮಾರು 780 ಜಿಬಿ, ಒಂದು ಹೊರ ಹಾರ್ಡ್ ಡಿಸ್ಕ್‌ನಲ್ಲಿವೆ. ಮೂರು ವರ್ಷಗಳ ಹಿಂದೆ ಅದನ್ನೆಲ್ಲ ಎರಡನೆಯ ಡಿಸ್ಕ್‌ಗೆ ನಕಲು ಮಾಡಿ ಬೀರುವಿನಲ್ಲಿಟ್ಟೆ. ಕಳೆದ ತಿಂಗಳು ಮಗಳ ಸೀಮಂತದ ಫೋಟೋಗಳನ್ನು ತೆರೆದರೆ ಮೂರು ಫೋಟೋಗಳಲ್ಲಿ ಕೆಳಗಿನ ಅರ್ಧ ಬರೀ ಬೂದು ಬಣ್ಣ. ಬೀರುವಿನ ಡಿಸ್ಕ್ ತೆಗೆದು ನೋಡಿದೆ. ಅಲ್ಲಿಯೂ ಎರಡು ಹಾಗೆಯೇ ಇವೆ, ಒಂದು ಮಾತ್ರ ಸರಿಯಾಗಿದೆ. ರಿಪೇರಿ ಅಂಗಡಿಯವರು ವೈರಸ್ ಎಂದರು. ಸೋದರಳಿಯ ಎಲ್ಲಕ್ಕೂ ಎಂಡಿ5 ಎಂಬ ವಿಧಾನದ ಚೆಕ್‌ಸಮ್ (ಫೈಲಿನ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆದ ಗುರುತಿನ ಸಾಲು) ತೆಗೆದಿಡಿ ಎನ್ನುತ್ತಾನೆ, ಅವನ ಸ್ನೇಹಿತ ಎಂಡಿ5 ಹಳತಾಯಿತು, ಅದನ್ನು ನಂಬಬೇಡಿ ಎನ್ನುತ್ತಾನೆ. ಇನ್ನೆಷ್ಟು ಫೈಲುಗಳು ಹೀಗಾಗಿವೆಯೋ ಎಂಬ ಚಿಂತೆ ನನ್ನದು. ಸಾವಿರಾರು ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಬೇಕೆ? ಚೆಕ್‌ಸಮ್ ಹಾಕಿದರೆ ಮುಂದೆ ಹೀಗಾಗುವುದಿಲ್ಲವೆ?”

ನಿಮ್ಮ ಪತ್ರದ ಒಂದು ವಿವರದಲ್ಲಿಯೇ ಅರ್ಧ ಉತ್ತರವಿದೆ. ಎರಡು ಫೋಟೋಗಳು ಎರಡೂ ಡಿಸ್ಕ್‌ಗಳಲ್ಲಿ ಕೆಟ್ಟಿವೆ ಎಂದರೆ ಮೂರು ವರ್ಷಗಳ ಹಿಂದೆ ನೀವು ನಕಲು ಮಾಡುವ ಹೊತ್ತಿಗಾಗಲೇ, ಅಥವಾ ನಕಲು ಮಾಡುವಾಗಿನ ಓದಿನಲ್ಲಿಯೇ, ಅವು ಕೆಟ್ಟಿದ್ದವು ಮತ್ತು ಕೆಟ್ಟ ಫೈಲೇ ನಿಷ್ಠೆಯಿಂದ ನಕಲಾಯಿತು. ಮೂರನೆಯ ಫೋಟೋ ಬೀರುವಿನಲ್ಲಿ ಸರಿಯಾಗಿದೆ ಎಂದರೆ ಅದು ಕೆಟ್ಟದ್ದು ಆಮೇಲೆ, ಮೊದಲ ಡಿಸ್ಕ್‌ನಲ್ಲಿ. ಒಂದೇ ಬಗೆಯ ಹಾನಿ ಬೇರೆ ಬೇರೆ ಕಾಲದಲ್ಲಿ ಆಗಿದೆ. ಆದ್ದರಿಂದ ಇದೊಂದು ಆಕಸ್ಮಿಕವಲ್ಲ, ಮೊದಲ ಡಿಸ್ಕ್ ಅಥವಾ ಅದನ್ನು ಜೋಡಿಸುವ ಕಂಪ್ಯೂಟರನ್ನು ಅನುಮಾನದಿಂದ ನೋಡಬೇಕು. ಈ ಉತ್ತರ ಓದಿ ಮುಗಿಸುವವರೆಗೆ ದಯವಿಟ್ಟು ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ಏನನ್ನೂ ನಕಲು ಮಾಡಬೇಡಿ. ಬೀರುವಿನಲ್ಲಿ ಉಳಿದಿರುವ ಆ ಒಂದು ಒಳ್ಳೆಯ ಫೋಟೋದ ಮೇಲೆ ಕೆಟ್ಟದ್ದು ಕೂರುವುದು ಹಾಗೆಯೇ.

ವೈರಸ್ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಣಕ್ಕಾಗಿ ಫೈಲುಗಳನ್ನು ಬೀಗ ಹಾಕುವ ರಾನ್ಸಮ್‌ವೇರ್ ಬಂದರೆ ಅದು ಮೂರು ಫೋಟೋಗಳಿಗೆ ತೃಪ್ತವಾಗುವುದಿಲ್ಲ. ಇಡೀ ಫೋಲ್ಡರುಗಳು ಒಮ್ಮೆಗೇ ತೆರೆಯದಂತಾಗುತ್ತವೆ, ಹೆಸರುಗಳೂ ಸಾಮಾನ್ಯವಾಗಿ ಬದಲಾಗುತ್ತವೆ. ಮೇಲಿನ ಅರ್ಧ ಸರಿಯಾಗಿದ್ದು ಕೆಳಗಿನ ಅರ್ಧ ಬೂದಾಗುವುದು ಜೆಪೆಗ್ ಫೈಲಿನ ರಚನೆಯಿಂದಲೇ ಬರುವ ಲಕ್ಷಣ. ಜೆಪೆಗ್‌ನಲ್ಲಿ ಚಿತ್ರದ ಮಾಹಿತಿಯನ್ನು ಮೇಲಿನಿಂದ ಕೆಳಕ್ಕೆ, ಬೇರೆ ಬೇರೆ ಉದ್ದದ ಸಂಕೇತಗಳಾಗಿ ಒಂದಕ್ಕೊಂದು ಅಂಟಿಸಿ ಬರೆದಿರುತ್ತದೆ. ನಡುವೆ ಒಂದು ಬಿಟ್ (0 ಅಥವಾ 1 ಆಗಿರುವ, ಮಾಹಿತಿಯ ಅತಿ ಸಣ್ಣ ಘಟಕ) ತಿರುಗಿಬಿದ್ದರೂ ಮುಂದಿನ ಸಂಕೇತ ಎಲ್ಲಿ ಆರಂಭವಾಗುತ್ತದೆ ಎಂಬುದೇ ತಪ್ಪಿಹೋಗಬಹುದು. ಅಲ್ಲಿಂದ ಕೆಳಗೆ ಬಣ್ಣ ಬದಲಾಗಬಹುದು, ಚಿತ್ರ ಪಕ್ಕಕ್ಕೆ ಸರಿಯಬಹುದು, ಅಥವಾ ನಿಮಗೆ ಕಂಡಂತೆ ಬೂದು ಬಣ್ಣ ತುಂಬಬಹುದು. ನಿಮ್ಮ ವೇವ್ ಫೈಲಿನಲ್ಲಿ ಇದೇ ಒಂದು ಬಿಟ್ ಕೆಟ್ಟರೆ ಸೆಕೆಂಡಿನ 44,100ನೆಯ ಒಂದು ಪಾಲಿನಷ್ಟು ಹೊತ್ತು ಒಂದು ಸಣ್ಣ ಟಿಕ್ ಸದ್ದು ಬಂದೀತು, ಮದ್ದಳೆಯ ನಡುವೆ ಅದು ಯಾರ ಕಿವಿಗೂ ಬೀಳದು. ಆದುದರಿಂದ ಫೋಟೋಗಳಲ್ಲಿ ಕಂಡಿದ್ದು ಧ್ವನಿಯಲ್ಲಿ ಆಗಿಲ್ಲ ಎಂದು ಭಾವಿಸಬೇಡಿ. ಅಲ್ಲಿ ಅದು ಕಾಣುವುದಿಲ್ಲ, ಅಷ್ಟೆ.

ಹಾಗಾದರೆ ಕೆಡುವುದು ಎಲ್ಲಿ? ಹಾರ್ಡ್ ಡಿಸ್ಕ್ ತಾನು ಬರೆದ ಪ್ರತಿಯೊಂದು ಸೆಕ್ಟರಿನ (ಡಿಸ್ಕ್‌ನ ಸಣ್ಣ ತುಣುಕಿನ) ಜೊತೆಗೆ ತಪ್ಪು ತಿದ್ದುವ ಸಂಕೇತವನ್ನೂ ಬರೆದುಕೊಂಡಿರುತ್ತದೆ. ಸಣ್ಣ ದೋಷಗಳನ್ನು ತಾನೇ ತಿದ್ದಿಕೊಳ್ಳುತ್ತದೆ, ತಿದ್ದಲಾಗದಿದ್ದರೆ ‘ಓದಲಾಗುತ್ತಿಲ್ಲ’ ಎಂದು ದೂರುತ್ತದೆ. ಇದು ಸದ್ದು ಮಾಡುವ ಹಾನಿ. ನಮ್ಮನ್ನು ಕಾಡುವುದು ಸದ್ದಿಲ್ಲದ ಹಾನಿ: ಡಿಸ್ಕ್‌ನ ಒಳಗಿನ ತಂತ್ರಾಂಶದ ದೋಷ, ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿ ತಿರುಗಿಬಿದ್ದ ಬಿಟ್, ಹೊರ ಡಿಸ್ಕ್‌ನ ಯುಎಸ್‌ಬಿ ಪೆಟ್ಟಿಗೆಯಲ್ಲಿರುವ ಕಳಪೆ ಚಿಪ್, ಬರೆಯುವುದು ಮುಗಿಯುವ ಮೊದಲೇ ಕಿತ್ತ ಕೇಬಲ್, ಕರೆಂಟ್ ಹೋದ ಕ್ಷಣ. ದೊಡ್ಡ ಪ್ರಮಾಣದಲ್ಲಿ ಇದನ್ನು ಅಳೆದವರಿದ್ದಾರೆ. ನೆಟ್‌ಆ್ಯಪ್ ಕಂಪನಿಯ ಸಂಗ್ರಹ ವ್ಯವಸ್ಥೆಗಳಲ್ಲಿದ್ದ ಸುಮಾರು 15.3 ಲಕ್ಷ ಡಿಸ್ಕ್‌ಗಳನ್ನು 41 ತಿಂಗಳ ಕಾಲ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚೆಕ್‌ಸಮ್ ತಾಳೆಯಾಗದ 4 ಲಕ್ಷಕ್ಕೂ ಹೆಚ್ಚು ಪ್ರಸಂಗಗಳು ಸಿಕ್ಕಿದ್ದವು. ಗೂಗಲ್‌ನ ಸರ್ವರುಗಳ ಮೇಲೆ ನಡೆದ 2009ರ ಅಧ್ಯಯನ, ಒಂದು ವರ್ಷದಲ್ಲಿ ನೂರಕ್ಕೆ ಎಂಟಕ್ಕಿಂತ ಹೆಚ್ಚು ರ‍್ಯಾಮ್ ಪಟ್ಟಿಗಳಲ್ಲಿ ದೋಷ ಕಂಡಿತು. ಆ ಸರ್ವರುಗಳ ರ‍್ಯಾಮ್‌ಗೆ ದೋಷ ತಿದ್ದುವ ಶಕ್ತಿಯಿತ್ತು; ನಮ್ಮ ಮನೆಯ ಲ್ಯಾಪ್‌ಟಾಪ್‌ಗಳಿಗೆ ಸಾಮಾನ್ಯವಾಗಿ ಆ ಅನುಕೂಲವಿಲ್ಲ.

ಈಗ ಚೆಕ್‌ಸಮ್. ನಿಮ್ಮ ಆಧಾರ್ ಸಂಖ್ಯೆಯ 12 ಅಂಕಿಗಳಲ್ಲಿ ಕೊನೆಯದು ಒಂದು ಚೆಕ್‌ಸಮ್ ಅಂಕಿ. ಮೊದಲ 11 ಅಂಕಿಗಳಿಂದ, ನೆದರ್ಲೆಂಡ್ಸ್‌ನ ವರ್‌ಹೂಫ್ 1969ರಲ್ಲಿ ಪ್ರಕಟಿಸಿದ ವಿಧಾನದಂತೆ ಲೆಕ್ಕ ಹಾಕಿ ಅದನ್ನು ಸೇರಿಸಿರುತ್ತಾರೆ. ನೀವು ಅರ್ಜಿಯಲ್ಲಿ ಒಂದು ಅಂಕಿಯನ್ನು ತಪ್ಪಾಗಿ ಬರೆದರೂ, ಅಕ್ಕಪಕ್ಕದ ಎರಡು ಅಂಕಿಗಳನ್ನು ಅದಲುಬದಲು ಮಾಡಿದರೂ ಲೆಕ್ಕ ತಾಳೆಯಾಗುವುದಿಲ್ಲ, ಕಂಪ್ಯೂಟರ್ ಆ ಕ್ಷಣವೇ ನಿರಾಕರಿಸುತ್ತದೆ. ಅಂಕಿಗಳನ್ನು ಸುಮ್ಮನೆ ಕೂಡಿದ ಮೊತ್ತವಾಗಿದ್ದರೆ ಅದಲುಬದಲು ಸಿಕ್ಕಿಬೀಳುತ್ತಿರಲಿಲ್ಲ, ಏಕೆಂದರೆ 63ರ ಅಂಕಿಗಳನ್ನು ಕೂಡಿದರೂ 36ರದ್ದನ್ನು ಕೂಡಿದರೂ ಬರುವುದು ಒಂಬತ್ತೇ. ಹಾಗಾಗಿ ಒಳ್ಳೆಯ ಚೆಕ್‌ಸಮ್ ಪ್ರತಿ ಅಂಕಿಯ ಸ್ಥಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಫೈಲಿನ ಚೆಕ್‌ಸಮ್ ಕೂಡ ಇದೇ ಜಾತಿಯದು. ಎಸ್‌ಎಚ್‌ಎ-256 ಎಂಬ ವಿಧಾನ ನಿಮ್ಮ ಫೋಟೋ ಎಷ್ಟೇ ದೊಡ್ಡದಿರಲಿ, ಅದರ ಪ್ರತಿಯೊಂದು ಬಿಟ್ಟನ್ನೂ ಓದಿ 64 ಅಕ್ಷರಗಳ ಒಂದು ಸಾಲು ಕೊಡುತ್ತದೆ. ಒಂದು ಬಿಟ್ ಬದಲಾದರೂ ಆ ಸಾಲು ಗುರುತು ಸಿಗದಷ್ಟು ಬೇರೆಯಾಗುತ್ತದೆ. ಫೈಲಿನ ಹೆಸರು, ದಿನಾಂಕ, ಇರುವ ಫೋಲ್ಡರ್ ಇವು ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಹೆಸರು ಬದಲಿಸಿದರೆ ಚೆಕ್‌ಸಮ್ ಬದಲಾಗದು. ಇಲ್ಲಿ ಒಂದು ಉಪಯುಕ್ತ ಗುರುತು ಹೇಳಿಬಿಡುತ್ತೇನೆ: ನಿಮ್ಮ ಪಟ್ಟಿಯಲ್ಲಿ ಯಾವುದಾದರೂ ಸಾಲು ‘ಇ3ಬಿ0ಸಿ442’ ಎಂದು ಆರಂಭವಾದರೆ ಆ ಫೈಲಿನಲ್ಲಿ ಏನೂ ಇಲ್ಲ ಎಂದು ಧೈರ್ಯವಾಗಿ ತೀರ್ಮಾನಿಸಬಹುದು, ಖಾಲಿ ಫೈಲಿನ ಎಸ್‌ಎಚ್‌ಎ-256 ಯಾವ ಕಂಪ್ಯೂಟರಿನಲ್ಲೂ ಅದೇ. ಅರ್ಧದಲ್ಲಿ ಕೇಬಲ್ ಕಿತ್ತ ಡಿಸ್ಕ್‌ಗಳಲ್ಲಿ ಹೆಸರು ಇದ್ದು ಒಳಗೆ ಏನೂ ಇಲ್ಲದ ಇಂಥ ಫೈಲುಗಳನ್ನು ನಾನು ಬಹಳ ಸಲ ಕಂಡಿದ್ದೇನೆ.

ಎಂಡಿ5 ವಿಷಯದಲ್ಲಿ ಸೋದರಳಿಯ ಮತ್ತು ಅವನ ಸ್ನೇಹಿತ ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ. ರಾನ್ ರಿವೆಸ್ಟ್ 1991ರಲ್ಲಿ ರೂಪಿಸಿದ ಎಂಡಿ5ಗೆ, ಒಂದೇ ಚೆಕ್‌ಸಮ್ ಬರುವ ಎರಡು ಬೇರೆ ಬೇರೆ ಫೈಲುಗಳನ್ನು ಬೇಕೆಂದೇ ತಯಾರಿಸಬಹುದು ಎಂದು 2004ರಲ್ಲಿ ಚೀನಾದ ಸಂಶೋಧಕರು ತೋರಿಸಿಕೊಟ್ಟರು. ಮೋಸಗಾರನನ್ನು ತಡೆಯಬೇಕಾದ ಕಡೆ ಅದನ್ನು ಬಳಸಬಾರದು. ಆದರೆ ಸವೆದ ಡಿಸ್ಕ್‌ಗೂ ಸಡಿಲ ಕೇಬಲ್‌ಗೂ ದುರುದ್ದೇಶವಿಲ್ಲ. ಆಕಸ್ಮಿಕ ಹಾನಿಯನ್ನು ಹಿಡಿಯಲು ಎಂಡಿ5 ಈಗಲೂ ಸಾಕು. ಈಗಾಗಲೇ ಎಂಡಿ5 ಪಟ್ಟಿ ಮಾಡಿಟ್ಟುಕೊಂಡವರು ಅದನ್ನು ಎಸೆಯಬೇಕಿಲ್ಲ. ಹೊಸದಾಗಿ ಆರಂಭಿಸುವ ನೀವು ಮಾತ್ರ ಎಸ್‌ಎಚ್‌ಎ-256 ಬಳಸಿ, ಯಾಕೆಂದರೆ ಈಗಿನ ಕಂಪ್ಯೂಟರುಗಳಲ್ಲಿ ಕಾಲ ಹಿಡಿಯುವುದು ಡಿಸ್ಕ್‌ನಿಂದ ಓದುವುದಕ್ಕೇ ಹೊರತು ಲೆಕ್ಕಕ್ಕಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಇಲ್ಲ, ಚೆಕ್‌ಸಮ್ ಹಾಕಿದ ಮಾತ್ರಕ್ಕೆ ಫೈಲ್ ಕೆಡುವುದು ನಿಲ್ಲುವುದಿಲ್ಲ. ಅದು ಕೆಟ್ಟದ್ದನ್ನು ತಿದ್ದುವುದೂ ಇಲ್ಲ. ಇನ್ನೂ ಮುಖ್ಯವಾದ ಮಾತು, ಫೈಲ್ ಚೆನ್ನಾಗಿದೆಯೇ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಲೆಕ್ಕ ತೆಗೆದ ದಿನ ಹೇಗಿತ್ತೋ ಇಂದೂ ಹಾಗೆಯೇ ಇದೆಯೇ ಎಂಬುದನ್ನಷ್ಟೇ ಅದು ಹೇಳಬಲ್ಲದು. ಬೂದಾದ ಆ ಎರಡು ಫೋಟೋಗಳಿಗೆ ನೀವು ಇಂದು ಚೆಕ್‌ಸಮ್ ತೆಗೆದಿಟ್ಟರೆ ಹತ್ತು ವರ್ಷವಾದರೂ ಅವು ‘ಸರಿ’ ಎಂದೇ ತೋರಿಸುತ್ತವೆ. ಆದ್ದರಿಂದ ಚೆಕ್‌ಸಮ್‌ಗೆ ಬೆಲೆ ಬರುವುದು ಎರಡು ಷರತ್ತುಗಳ ಮೇಲೆ: ಫೈಲ್ ಸರಿಯಾಗಿದ್ದಾಗಲೇ, ಅಂದರೆ ಕ್ಯಾಮೆರಾ ಅಥವಾ ಫೋನಿನಿಂದ ಇಳಿಸಿದ ದಿನವೇ, ಲೆಕ್ಕ ತೆಗೆದಿರಬೇಕು, ಮತ್ತು ತಾಳೆಯಾಗದಿದ್ದಾಗ ಹಿಂದಿರುಗಿ ತರಲು ಇನ್ನೊಂದು ಪ್ರತಿ ಇರಬೇಕು.

ನಿಮ್ಮ ಹತ್ತಿರ ಹಳೆಯ ಲೆಕ್ಕ ಇಲ್ಲ, ಆದರೆ ಎರಡು ಡಿಸ್ಕ್‌ಗಳಿವೆ, ಮತ್ತು ಅದು ಸಣ್ಣ ಆಸ್ತಿಯಲ್ಲ. ಮೊದಲಿಗೆ ಎರಡೂ ಡಿಸ್ಕ್‌ಗಳ ಎಲ್ಲ ಫೈಲುಗಳಿಗೆ ಬೇರೆ ಬೇರೆಯಾಗಿ ಚೆಕ್‌ಸಮ್ ಪಟ್ಟಿ ತೆಗೆದು ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿ. ವಿಂಡೋಸ್‌ನಲ್ಲಿ ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಆಜ್ಞೆ ಇದನ್ನು ಮಾಡುತ್ತದೆ. ಆಜ್ಞೆ ಟೈಪ್ ಮಾಡುವುದು ಕಷ್ಟವೆನಿಸಿದರೆ ಸೆವೆನ್-ಜಿಪ್‌ನ ಹೊಸ ಆವೃತ್ತಿ ಹಾಕಿಕೊಂಡು, ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಎಸ್‌ಎಚ್‌ಎ-256 ಪಟ್ಟಿ ಮಾಡಿಸಬಹುದು. ಲಿನಕ್ಸ್ ಬಳಸುವವರಿಗೆ ಎಸ್‌ಎಚ್‌ಎ256ಸಮ್ ಎಂಬ ಆಜ್ಞೆ ಮೊದಲೇ ಇರುತ್ತದೆ. 780 ಜಿಬಿಯನ್ನು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಓದಿದರೂ ಒಂದು ಡಿಸ್ಕ್‌ಗೆ ಎರಡು ಗಂಟೆಗಿಂತ ಹೆಚ್ಚು ಬೇಕು, ಸಣ್ಣ ಫೈಲುಗಳು ಹೆಚ್ಚಿದ್ದರೆ ಇನ್ನೂ ನಿಧಾನ. ರಾತ್ರಿ ಹಚ್ಚಿ ಮಲಗುವುದು ಒಳ್ಳೆಯದು. ಮೊದಲ ಡಿಸ್ಕ್ ಸಾಯುವ ಹಂತದಲ್ಲಿದ್ದರೆ ಈ ಓದುವಿಕೆಯೇ ಅದಕ್ಕೆ ಭಾರವಾಗಬಹುದು. ಆದ್ದರಿಂದ ಇದಕ್ಕೂ ಮುಂಚೆ ಕ್ರಿಸ್ಟಲ್‌ಡಿಸ್ಕ್‌ಇನ್‌ಫೋದಂಥ ಉಚಿತ ತಂತ್ರಾಂಶದಲ್ಲಿ ಡಿಸ್ಕ್‌ನ ಆರೋಗ್ಯ ನೋಡಿ. 5, 197, 198 ಎಂಬ ಕ್ರಮಸಂಖ್ಯೆಯ ಸಾಲುಗಳಲ್ಲಿ ಸೊನ್ನೆಯಲ್ಲದ ಸಂಖ್ಯೆ ಏರುತ್ತಿದ್ದರೆ ಡಿಸ್ಕ್‌ನ ಮೇಲ್ಮೈ ಕೆಡುತ್ತಿದೆ. 199 ಮಾತ್ರ ಏರುತ್ತಿದ್ದರೆ ಅನುಮಾನಿಸಬೇಕಾದದ್ದು ಕೇಬಲ್ ಅಥವಾ ಜೋಡಣೆಯನ್ನು.

ಪಟ್ಟಿಗಳನ್ನು ಹೋಲಿಸಿದಾಗ ತಾಳೆಯಾಗದ ಫೈಲುಗಳು ಬಹುಶಃ ಬೆರಳೆಣಿಕೆಯಷ್ಟು ಸಿಗುತ್ತವೆ. ಅವನ್ನು ಮಾತ್ರ ಎರಡೂ ಕಡೆ ತೆರೆದು ಕಣ್ಣಿನಿಂದ ನೋಡಿ, ಒಳ್ಳೆಯದನ್ನು ಹೊಸದಾದ ಮೂರನೆಯ ಡಿಸ್ಕ್‌ಗೆ ತೆಗೆದುಕೊಳ್ಳಿ. ಸಾವಿರಾರು ಫೈಲುಗಳ ಕೆಲಸ ಹೀಗೆ ಒಂದು ಸಂಜೆಯ ಕೆಲಸಕ್ಕೆ ಇಳಿಯುತ್ತದೆ. ತಾಳೆಯಾದವುಗಳಲ್ಲಿ ನಕಲಿನ ಹೊತ್ತಿಗೇ ಕೆಟ್ಟಿದ್ದವು ಅಡಗಿರಬಹುದು. ಅವುಗಳಿಗೆ ದೊಡ್ಡ ಗಾತ್ರದ ಥಂಬ್‌ನೇಲ್‌ಗಳನ್ನು ಹರಿಬಿಟ್ಟು ನೋಡುವುದು, ಇಲ್ಲವೆ ಚಿತ್ರವನ್ನು ಕೊನೆಯವರೆಗೆ ಬಿಡಿಸಿ ಓದಿ ದೋಷ ತಿಳಿಸುವ ತಂತ್ರಾಂಶ ಬಳಸುವುದು, ಇಷ್ಟೇ ದಾರಿ. ಜೆಪೆಗ್ ಫೈಲಿನೊಳಗೆ ಚೆಕ್‌ಸಮ್ ಇರುವುದಿಲ್ಲ ಎಂಬುದು ಇಲ್ಲಿನ ತೊಂದರೆ. ಪಿಎನ್‌ಜಿ ಮತ್ತು ಜಿಪ್ ಫೈಲುಗಳಲ್ಲಾದರೆ ಸಿಆರ್‌ಸಿ-32 ಎಂಬ ಚೆಕ್‌ಸಮ್ ಒಳಗೇ ಇರುತ್ತದೆ.

ಮೂರನೆಯ ಡಿಸ್ಕ್‌ಗೆ ನಕಲು ಮಾಡಿದ ಮೇಲೆ ಬಹಳ ಜನ ಎಡವುವುದು ತಾಳೆ ನೋಡುವ ಸಮಯದಲ್ಲಿ. ನಕಲು ಮುಗಿದ ತಕ್ಷಣ ಪರಿಶೀಲನೆಗೆ ಕೊಟ್ಟರೆ ಕಂಪ್ಯೂಟರ್ ಆಗತಾನೇ ಬರೆದದ್ದನ್ನು ತನ್ನ ರ‍್ಯಾಮ್‌ನಿಂದಲೇ ಓದಿ ‘ಎಲ್ಲ ಸರಿ’ ಎನ್ನಬಹುದು. ಡಿಸ್ಕ್‌ನ ಮೇಲೆ ನಿಜವಾಗಿ ಏನು ಬರೆದಾಗಿದೆ ಎಂದು ನೋಡಿಯೇ ಇರುವುದಿಲ್ಲ. ಆದ್ದರಿಂದ ಡಿಸ್ಕ್ ಅನ್ನು ಸುರಕ್ಷಿತವಾಗಿ ಬೇರ್ಪಡಿಸುವ ಆಯ್ಕೆ ಒತ್ತಿ, ಕೇಬಲ್ ತೆಗೆದು, ಮತ್ತೆ ಜೋಡಿಸಿ, ಆಮೇಲೆ ತಾಳೆ ನೋಡಿ. ಹೊರಗೆ 2 ಟಿಬಿ ಎಂದು ಬರೆದು ಒಳಗೆ ಅದರ ಸಣ್ಣ ಪಾಲು ಮಾತ್ರ ಇರುವ ನಕಲಿ ಪೆನ್‌ಡ್ರೈವ್‌ಗಳು ಸಿಕ್ಕಿಬೀಳುವುದೂ ಹೀಗೆಯೇ: ಅವು ಬರೆದಂತೆ ನಟಿಸುತ್ತವೆ, ಮರಳಿ ಓದಿದಾಗ ಬಣ್ಣ ಬಯಲಾಗುತ್ತದೆ.

ಮುಂದೆ ಎಂದಾದರೂ ತಾಳೆ ತಪ್ಪಿದರೆ ಗಾಬರಿಯಿಂದ ಏನನ್ನೂ ಅಳಿಸದೆ ಅದೇ ಫೈಲಿನ ಚೆಕ್‌ಸಮ್ ಅನ್ನು, ಡಿಸ್ಕ್ ತೆಗೆದು ಮತ್ತೆ ಹಾಕಿ, ಇನ್ನೆರಡು ಸಲ ತೆಗೆಯಿರಿ. ಪ್ರತಿ ಸಲವೂ ಅದೇ ತಪ್ಪು ಸಾಲು ಬಂದರೆ ಹಾನಿ ಡಿಸ್ಕ್‌ನ ಮೇಲೆ ನಿಜವಾಗಿಯೂ ಬರೆದು ಕೂತಿದೆ. ಪ್ರತಿ ಸಲ ಬೇರೆ ಬೇರೆ ಸಾಲು ಬಂದರೆ, ಅಥವಾ ಒಮ್ಮೆ ಸರಿ ಒಮ್ಮೆ ತಪ್ಪು ಬಂದರೆ, ಫೈಲ್ ಬಹುಶಃ ಸರಿಯಾಗಿಯೇ ಇದೆ, ಓದುವ ದಾರಿಯಲ್ಲಿ ದೋಷವಿದೆ. ಕೆಲವು ವರ್ಷಗಳ ಹಿಂದೆ ಒಂದು ಕುಟುಂಬ ಮದುವೆಯ ವಿಡಿಯೋಗಳಿದ್ದ ಡಿಸ್ಕ್ ಹಾಳಾಗಿದೆ ಎಂದು ನನ್ನ ಹತ್ತಿರ ತಂದಿತ್ತು. ಅವರ ಡೆಸ್ಕ್‌ಟಾಪ್‌ನಲ್ಲಿ ಒಂದು 14 ಜಿಬಿ ಫೈಲಿಗೆ ಮೂರು ಸಲ ಮೂರು ಬೇರೆ ಚೆಕ್‌ಸಮ್ ಬಂತು. ನನ್ನ ಯಂತ್ರದಲ್ಲಿ ಮೂರು ಸಲವೂ ಒಂದೇ. ಡಿಸ್ಕ್ ಚೆನ್ನಾಗಿತ್ತು. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶ ಓಡಿಸಿದಾಗ ಅವರ ಡೆಸ್ಕ್‌ಟಾಪ್‌ನ ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದು ಕೆಟ್ಟಿರುವುದು ತಿಳಿಯಿತು. ಅವರು ಅದೇ ಯಂತ್ರದಲ್ಲಿ ಎರಡು ವರ್ಷ ಫೋಟೋ ನಕಲು ಮಾಡಿದ್ದರು. ಡಿಸ್ಕ್ ಬದಲಿಸಿದ್ದರೆ ಹೊಸದರಲ್ಲೂ ಅದೇ ಗೋಳು ಮುಂದುವರಿಯುತ್ತಿತ್ತು. ನಿಮ್ಮ ಮನೆಯಲ್ಲಿಯೂ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ ನೋಡಿ ಎಂದು ಒತ್ತಾಯದಿಂದ ಹೇಳುತ್ತೇನೆ, ಏಕೆಂದರೆ ನಿಮ್ಮ ಮೂರು ಫೋಟೋಗಳ ಕಥೆ ಇದಕ್ಕೂ ಹೊಂದುತ್ತದೆ.

ತಾಳೆ ತಪ್ಪಿದ್ದೆಲ್ಲ ಹಾನಿಯೂ ಅಲ್ಲ. ಫೋಟೋವನ್ನು ತಿರುಗಿಸಿ ಉಳಿಸಿದ್ದರೆ, ಹಾಡಿನ ಫೈಲಿನಲ್ಲಿ ಕಲಾವಿದರ ಹೆಸರು ತಿದ್ದಿದ್ದರೆ ಚೆಕ್‌ಸಮ್ ಬದಲಾಗಲೇಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದ್ದನ್ನು ಅದು ಕುಗ್ಗಿಸಿ ಕಳಿಸುತ್ತದೆಯಾದ್ದರಿಂದ ಅದು ಮೂಲದೊಡನೆ ತಾಳೆಯಾಗದು. ತಿದ್ದಿದ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿ ಮೂಲವನ್ನು ಮುಟ್ಟದಿರುವ ಅಭ್ಯಾಸವಿದ್ದರೆ ಇಂಥ ಸುಳ್ಳು ಎಚ್ಚರಿಕೆಗಳೇ ಬರುವುದಿಲ್ಲ. ಬಹುಪಾಲು ಫೈಲುಗಳು ಒಮ್ಮೆಗೇ ತಾಳೆ ತಪ್ಪಿದರೆ ಮಾತ್ರ ಕಂಪ್ಯೂಟರನ್ನು ಅಲ್ಲಿಗೇ ನಿಲ್ಲಿಸಿ, ಎರಡನೆಯ ಡಿಸ್ಕ್ ಅನ್ನು ಅದಕ್ಕೆ ಜೋಡಿಸಲೇಬೇಡಿ. ರಾನ್ಸಮ್‌ವೇರ್ ಅನುಮಾನ ಪಡಬೇಕಾದದ್ದು ಆಗ.

ಇಷ್ಟನ್ನೆಲ್ಲ ಕೈಯಿಂದ ಮಾಡುವುದು ಬೇಡವೆನಿಸಿದರೆ ಬೇರೆ ಮಾರ್ಗಗಳಿವೆ, ಪ್ರತಿಯೊಂದಕ್ಕೂ ಅದರದೇ ತೊಡಕಿದೆ. ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಗಳು ಪ್ರತಿ ತುಣುಕಿನ ಚೆಕ್‌ಸಮ್ ಅನ್ನು ತಾವೇ ಇಟ್ಟುಕೊಂಡು ಓದುವಾಗಲೆಲ್ಲ ತಾಳೆ ನೋಡುತ್ತವೆ, ಎರಡು ಡಿಸ್ಕ್‌ಗಳ ಜೋಡಿಯಿದ್ದರೆ ಕೆಟ್ಟದ್ದನ್ನು ತಾವೇ ತಿದ್ದುತ್ತವೆ. ಆದರೆ ಮನೆಯಲ್ಲಿ ಅವನ್ನು ನೋಡಿಕೊಳ್ಳಬಲ್ಲವರೊಬ್ಬರು ಬೇಕು. ನಾವು ದಿನನಿತ್ಯ ಬಳಸುವ ಎನ್‌ಟಿಎಫ್‌ಎಸ್ ಮತ್ತು ಎಕ್ಸ್‌ಫ್ಯಾಟ್ ಫೈಲಿನ ಒಳಗಿನ ಮಾಹಿತಿಗೆ ಚೆಕ್‌ಸಮ್ ಇಡುವುದಿಲ್ಲ; ಆ್ಯಪಲ್‌ನ ಎಪಿಎಫ್‌ಎಸ್ ಕೂಡ ತನ್ನ ಲೆಕ್ಕಪತ್ರಕ್ಕೆ (ಫೈಲಿನ ಹೆಸರು, ಇರುವ ಜಾಗದಂಥ ವಿವರಗಳಿಗೆ) ಇಡುತ್ತದೆ, ನಿಮ್ಮ ಫೋಟೋಗೆ ಇಡುವುದಿಲ್ಲ. ರೆಸ್ಟಿಕ್‌ನಂಥ ಬ್ಯಾಕಪ್ ತಂತ್ರಾಂಶಗಳು ಒಳಗೊಳಗೇ ಚೆಕ್‌ಸಮ್ ಬಳಸುತ್ತವೆಯಾದರೂ ಅದರ ಸಾಮಾನ್ಯ ಪರಿಶೀಲನೆ ಎಲ್ಲ ಮಾಹಿತಿಯನ್ನೂ ಓದುವುದಿಲ್ಲ, ಪೂರ್ತಿ ಓದು ಎಂದು ಬೇರೆಯಾಗಿ ಹೇಳಬೇಕು. ಜೊತೆಗೆ ಪಾಸ್‌ವರ್ಡ್ ಮರೆತರೆ ಎಲ್ಲವೂ ಹೋದಂತೆ. ಪಾರ್2 ಎಂಬುದು ನನಗೆ ಅಚ್ಚುಮೆಚ್ಚಿನದು: ರೀಡ್ ಮತ್ತು ಸಾಲೊಮನ್ 1960ರಲ್ಲಿ ಕೊಟ್ಟ ಗಣಿತದಿಂದ ಅದು ಫೈಲುಗಳ ಜೊತೆಗೆ, ನೀವು ಹೇಳಿದಷ್ಟು, ಉದಾಹರಣೆಗೆ ನೂರಕ್ಕೆ ಹತ್ತರಷ್ಟು, ಹೆಚ್ಚುವರಿ ಮಾಹಿತಿ ಮಾಡಿಟ್ಟು, ಅಷ್ಟರೊಳಗಿನ ಹಾನಿಯನ್ನು ಸರಿಪಡಿಸುತ್ತದೆ. ಆದರೆ ಡಿಸ್ಕ್‌ಗೆ ಡಿಸ್ಕೇ ಹೋದರೆ ಪಾರ್2 ಕೂಡ ಅದರೊಡನೆ ಹೋಗುತ್ತದೆ. ಇನ್ನು ಕ್ಲೌಡ್: ಅಲ್ಲಿ ಕಂಪನಿಯವರು ಚೆಕ್‌ಸಮ್ ನೋಡಿಕೊಳ್ಳುತ್ತಾರೆ, ಆದರೆ ನಿಮ್ಮ ಕಂಪ್ಯೂಟರಿನಲ್ಲಿ ಕೆಟ್ಟ ಫೈಲನ್ನೇ ಅದು ‘ಹೊಸ ಆವೃತ್ತಿ’ ಎಂದು ತೆಗೆದುಕೊಂಡು ಒಳ್ಳೆಯದರ ಮೇಲೆ ಕೂರಿಸಬಹುದು. ಹಳೆಯ ಆವೃತ್ತಿಗಳನ್ನು ಎಷ್ಟು ದಿನ ಇಡುತ್ತಾರೆ ಎಂದು ಮೊದಲು ಕೇಳಿಕೊಳ್ಳಿ.

ನಿಮಗೆ ನಾನು ಸೂಚಿಸುವುದು ಸರಳವಾದದ್ದು. ಮೂರು ಡಿಸ್ಕ್‌ಗಳು, ಅವುಗಳಲ್ಲಿ ಒಂದು ಮಗಳ ಮನೆಯಲ್ಲಿ. ಪ್ರತಿ ವರ್ಷದ ಫೋಲ್ಡರಿನ ಜೊತೆಗೆ ಅದರ ಚೆಕ್‌ಸಮ್ ಪಟ್ಟಿ, ಮತ್ತು ಪಟ್ಟಿಗಳ ಇನ್ನೊಂದು ಪ್ರತಿ ಇಮೇಲ್‌ನಲ್ಲಿ. ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ತಾಳೆ. ವರ್ಷಕ್ಕೆರಡು ಸಲ ಸಾಕು.

ತಂದೆಯವರ ತಾಳಮದ್ದಳೆಗಳನ್ನು ಮಾತ್ರ ವೇವ್‌ನಲ್ಲಿ ಬಿಡದೆ ಫ್ಲ್ಯಾಕ್ ಎಂಬ ಧ್ವನಿ ಫೈಲಿನ ಮಾದರಿಗೆ ಬದಲಿಸಿ. ಅದರಲ್ಲಿ ಧ್ವನಿಯ ಗುಣ ಒಂದಿಷ್ಟೂ ಕುಂದುವುದಿಲ್ಲ, ಗಾತ್ರ ಸಾಕಷ್ಟು ಕಡಿಮೆಯಾಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿ ಫ್ಲ್ಯಾಕ್ ಫೈಲ್ ತನ್ನ ಮೂಲ ಧ್ವನಿಯ ಎಂಡಿ5 ಅನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿರುತ್ತದೆ. ಪಟ್ಟಿ ಕಳೆದುಹೋದರೂ ಇಪ್ಪತ್ತು ವರ್ಷಗಳ ನಂತರ ನಿಮ್ಮ ಮೊಮ್ಮಕ್ಕಳು ಧ್ವನಿ ಕೆಟ್ಟಿದೆಯೇ ಎಂಬುದನ್ನು ಫೈಲಿನಿಂದಲೇ ತಿಳಿದುಕೊಳ್ಳಬಹುದು. ಬದಲಿಸುವ ಮುನ್ನ ಎರಡೂ ಡಿಸ್ಕ್‌ಗಳ ವೇವ್ ಫೈಲುಗಳು ತಾಳೆಯಾಗುತ್ತವೆ ಎಂದು ಖಚಿತಪಡಿಸಿಕೊಳ್ಳಿ, ಮತ್ತು ಮೂಲ ಕ್ಯಾಸೆಟ್‌ಗಳನ್ನು ಎಸೆಯಬೇಡಿ.

ಎರಡೂ ಕಡೆ ಕೆಟ್ಟಿರುವ ಆ ಎರಡು ಸೀಮಂತದ ಫೋಟೋಗಳ ಆಸೆ ಈಗಲೇ ಬಿಡಬೇಡಿ. ಅಂದು ಬಳಸಿದ ಕ್ಯಾಮೆರಾದ ಮೆಮೊರಿ ಕಾರ್ಡ್, ಹಳೆಯ ಫೋನ್, ನೆಂಟರಿಗೆ ಕಳಿಸಿದ ಇಮೇಲ್, ಆಲ್ಬಂ ಮಾಡಲು ಸ್ಟುಡಿಯೋಗೆ ಕೊಟ್ಟ ಸಿಡಿ ಇವನ್ನು ಹುಡುಕಿ. ಕಾರ್ಡ್ ಸಿಕ್ಕರೆ ಅದಕ್ಕೆ ಹೊಸದಾಗಿ ಏನನ್ನೂ ಬರೆಯದೆ, ಅಳಿಸಿದ ಫೋಟೋ ಮರಳಿ ತರುವ ತಂತ್ರಾಂಶದಿಂದ ಓದಿಸಿ ನೋಡಿ. ಏನೂ ಸಿಗದಿದ್ದರೂ ಕ್ಯಾಮೆರಾಗಳು ಜೆಪೆಗ್ ಫೈಲಿನ ಆರಂಭದಲ್ಲಿ ಸಾಮಾನ್ಯವಾಗಿ 160 × 120 ಗಾತ್ರದ ಒಂದು ಪುಟ್ಟ ಚಿತ್ರವನ್ನು ಬೇರೆಯಾಗಿ ಸೇರಿಸಿರುತ್ತವೆ. ಹಾನಿಯಾಗಿರುವುದು ನಡುವಿನಿಂದ ಕೆಳಗೆ ಆದ್ದರಿಂದ ಆ ಪುಟ್ಟ ಚಿತ್ರ ಪೂರ್ತಿಯಾಗಿ ಉಳಿದಿರುವ ಸಂಭವ ಹೆಚ್ಚು. ಅಂಚೆಚೀಟಿಯಷ್ಟೇ ಇರಬಹುದು, ಆದರೆ ಅದರಲ್ಲಿ ಮಗಳ ಪಕ್ಕ ಯಾರು ಯಾರು ನಿಂತಿದ್ದರು ಎಂಬುದು ಗೊತ್ತಾಗುತ್ತದೆ.